ಪೆನ್ನಾ ಕಂದರದ ಗೂಬೆ

ವಡಪಳನಿಯಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಮಾಮ ಸಿನಿಮಾ ಸ್ಟುಡಿಯೋದಲ್ಲಿ ಧ್ವನಿಮುದ್ರಣದ ಕೆಲಸ ಮಾಡಿ ನಿವೃತ್ತರಾದವರು. ಅವರ ಮನೆತನ ಮದರಾಸಿಗೆ ಬಂದು ನಾಲ್ಕು ತಲೆಮಾರಾಗಿತ್ತು. ಅವರ ಕನ್ನಡದಲ್ಲಿ ಅರ್ಧ ತಮಿಳೇ ಇರುತ್ತಿತ್ತು. ನಾನು ಮೈಸೂರಿನಿಂದ ಅಲ್ಲಿನ ಶೋಳಿಂಗನಲ್ಲೂರಿನ ಆಫೀಸೊಂದರ ಕೆಲಸಕ್ಕೆ ಬಂದವಳು. ಪರಿಚಯದವರಿಲ್ಲದ ಊರಲ್ಲಿ ಭಾನುವಾರ ಕಳೆಯುವುದೇ ಕಷ್ಟವಾಗಿದ್ದಾಗ ನನಗೆ ಹಕ್ಕಿ ನೋಡುವುದನ್ನು ಕಲಿಸಿದವರು ಅವರು.

ಎರಡು ವರ್ಷ ಪಳ್ಳಿಕರಣೆಯ ಜೌಗಿನಲ್ಲಿ ಅಲೆದ ಮೇಲೆ, ಒಂದು ಮಾಘದಲ್ಲಿ, ಆಂಧ್ರಕ್ಕೆ ಕರೆದುಕೊಂಡು ಹೋದರು. ಪೆನ್ನಾ ನದಿ ಬೆಟ್ಟ ಸೀಳಿಕೊಂಡು ಹರಿಯುವ ಕಂದರ ಅದು. ಅಂಚಿನಿಂದ ತುಸು ಕೆಳಗೆ, ಕೆಂಪು ಬಂಡೆಯ ಚಾಚಿನಲ್ಲಿ ಕೊಂಬಿನ ಗೂಬೆಯೊಂದು ಕೂತಿತ್ತು. ಮಾಮ ತೋರಿಸದಿದ್ದರೆ ಕಲ್ಲು ಅಂದುಕೊಳ್ಳುತ್ತಿದ್ದೆ. ಅದು ಒಂದಿಷ್ಟು ಎದ್ದಾಗ ಬರಿಯ ನೆಲದ ಮೇಲೆ ಮೂರು ಬಿಳಿ ಮೊಟ್ಟೆ ಕಂಡವು.

"ನಾನೂ ಅವಳೂ ಸೇರಿ ಕಂಡುಹಿಡಿದ ಜಾಗ," ಎಂದರು. ಅವರ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. "ಅವಳು ಹೋದ್ಮೇಲೆ ಯಾರಿಗೂ ತೋರಿಸಿಲ್ಲ. ಯಾರ್ ಕಿಟ್ಟೆಯೂ, ಯಾರ ಹತ್ರಾನೂ ಹೇಳ್ಬೇಡ ಮಾ."

ಆಗಲಿ ಎಂದೆ. ಆ ವಾರವೇ ಹಕ್ಕಿ ನೋಡುವವರ ಮೊಬೈಲ್ ಗುಂಪಿಗೆ ಫೋಟೋ ಹಾಕಿದೆ. ಎಲ್ಲರೂ ಹೊಗಳಿದರು. ಎಲ್ಲಿ ಎಂದು ಯಾರೋ ಕೇಳಿದರು. ಹೊಗಳಿಕೆಯ ಖುಷಿಯಲ್ಲಿ ದಾರಿ ಸಮೇತ ಬರೆದುಬಿಟ್ಟೆ.

ಮೂರು ವಾರ ಕಳೆದು ಮಾಮ, "ಮರಿ ಆಗಿರಬಹುದು, ಹೋಗೋಣ್ವಾ?" ಎಂದರು. ಬೆಳಗ್ಗೆ ಹೊರಟೆವು. ದಾರಿಯಲ್ಲಿ ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಬೇರೇನೋ ಮಾತಾಡಿದೆ.

ಕಂದರದ ಅಂಚಿನಲ್ಲಿ ನೀರಿನ ಬಾಟಲಿಗಳು ಬಿದ್ದಿದ್ದವು. ಯಾರೋ ಚಾಚಿನವರೆಗೂ ಇಳಿಯಲು ಮರಕ್ಕೆ ಹಗ್ಗ ಕಟ್ಟಿ ಬಿಟ್ಟುಹೋಗಿದ್ದರು. ಗೂಬೆ ಇರಲಿಲ್ಲ. ಒಂದು ಮೊಟ್ಟೆ ಒಡೆದಿತ್ತು. ಉಳಿದೆರಡು ಬಿಸಿಲಲ್ಲಿ ಹಾಗೇ ಬಿದ್ದಿದ್ದವು. ಸಂಜೆಯವರೆಗೆ ಕಾದರೂ ತಾಯಿ ಬರಲಿಲ್ಲ.

"ಮಾಮ, ನಾನೇ ಹೇಳಿದ್ದು," ಎಂದೆ. ಅಳು ಬಂತು.

"ತೆರಿಯುಂ, ಗೊತ್ತು," ಎಂದರು. "ನಿನ್ನ ಫೋಟೋ ನನಗೂ ಬಂತು. ದಾರಿ ಉದ್ದಕ್ಕೂ ನೀನೇ ಹೇಳ್ತೀಯಾಂತ ಕಾದೆ."

ಬೈಯಲಿಲ್ಲ. ವಾಪಸು ಬರುವಾಗ ಯಾವಾಗಿನಂತೆ ಕಾಫಿ ಕೊಡಿಸಿದರು. ಆಮೇಲಿನ ಭಾನುವಾರಗಳಲ್ಲಿ ನಾನು ಬಾಗಿಲು ತಟ್ಟಿದಾಗಲೆಲ್ಲ ಮೊಣಕಾಲು ನೋವು ಎನ್ನುತ್ತಿದ್ದರು. ಮರುವರ್ಷ ತಾಂಬರಂನಲ್ಲಿದ್ದ ಮಗಳ ಮನೆಗೆ ಹೋದರು. ಒಮ್ಮೆ ನೋಡಲು ಹೋದೆ. ಆಫೀಸು, ನಮ್ಮಮ್ಮನ ಆರೋಗ್ಯ ಎಲ್ಲ ವಿಚಾರಿಸಿದರು. ಹಕ್ಕಿಯ ಮಾತು ಎತ್ತಲೇ ಇಲ್ಲ. ಎತ್ತುವ ಧೈರ್ಯ ನನಗೂ ಇರಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ತಿಳಿದು ಎಲೆಕ್ಟ್ರಿಕ್ ರೈಲು ಹತ್ತಿ ಹೋದೆ. ಮಗಳು ನನ್ನ ಕೈ ಹಿಡಿದುಕೊಂಡು ತಮಿಳಲ್ಲಿ ಹೇಳಿದರು: ಅಪ್ಪ ನಿಮ್ಮ ವಿಷಯ ಹೇಳ್ತಿದ್ರು, ತುಂಬ ಒಳ್ಳೆ ಹುಡುಗಿ ಅಂತ.

ಅದನ್ನು ಅವರು ಹೇಳಿದ್ದು ಯಾವಾಗ, ಕಂದರಕ್ಕೆ ಹೋಗುವ ಮೊದಲೋ ಆಮೇಲೋ ಎಂದು ಕೇಳಬೇಕೆನಿಸಿತು. ಕೇಳದೆ ಬಂದೆ.