ಜೀಪಿನ ಸದ್ದು ಮತ್ತು ವಾರಿಜ ಟೀಚರ್

ರಸ್ತೆಯಲ್ಲಿ ಜೀಪಿನ ಸದ್ದು ಕೇಳಿದರೆ ಸಾಕು, ವಾರಿಜ ಟೀಚರ ಕೈಯ ಸೀಮೆಸುಣ್ಣ ಹಲಗೆಯ ಮೇಲೆ ಅರ್ಧ ಅಕ್ಷರಕ್ಕೇ ನಿಂತುಬಿಡುತ್ತಿತ್ತು. ಅದು ತಿರುವು ದಾಟಿ ನಾರಾವಿಯ ಕಡೆಗೆ ಹೋಗುವವರೆಗೆ ಅವರಿಗೆ ಉಸಿರಿಲ್ಲ. ಬಿಸಿಯೂಟದ ಲೀಲಕ್ಕ ಒಳಗಿನಿಂದಲೇ ಕೂಗುತ್ತಿದ್ದರು: “ಟೀಚರೇ, ಅದು ಮೀನಿನವನ ಗಾಡಿ ಮಾರಾಯ್ರೆ! ಬಂಗುಡೆಗೂ ಹೆದರುವುದಾ ನೀವು?”

ಮೊದಲು ಟೀಚರ್ ಹೀಗಿರಲಿಲ್ಲ. ನಾನು ಕೆಂಪುಕಲ್ಲಿನ ಗೋಡೆ ಕಟ್ಟುವ ಮೇಸ್ತ್ರಿ. ನಾನು ಕಟ್ಟಿದ ಗೋಡೆ ಇವತ್ತಿನವರೆಗೆ ಬಿರುಕು ಬಿಟ್ಟದ್ದಿಲ್ಲ, ಆದರೆ ಶಾಲೆಯನ್ನು ಆರನೆಯ ಕ್ಲಾಸಿಗೇ ಬಿಟ್ಟವ. ನನ್ನನ್ನು ನಮ್ಮೂರ ಸರ್ಕಾರಿ ಶಾಲೆಯ ಸಮಿತಿಗೆ ಅಧ್ಯಕ್ಷ ಮಾಡಿದ್ದು ಅವರೇ. “ನನಗೆಂತ ಗೊತ್ತುಂಟು ಟೀಚರೇ?” ಎಂದೆ. “ಮಕ್ಕಳು ಶಾಲೆ ಯಾಕೆ ಬಿಡ್ತಾರೆ ಅಂತ ಬಿಟ್ಟವರಿಗೇ ಅಲ್ವಾ ಸಂಜೀವಣ್ಣ ಗೊತ್ತಿರುವುದು?” ಎಂದರು. ಹೇಳಿದ್ದು ತುಳುವಿನಲ್ಲಿ. ನನ್ನೊಡನೆ ಅವರದು ಯಾವಾಗಲೂ ತುಳುವೇ.

ಒಂದನೆಯ ಕ್ಲಾಸಿನ ಮಕ್ಕಳೊಡನೆಯೂ ಹಾಗೆಯೇ. ಬೆಕ್ಕಿನ ಚಿತ್ರ ಎತ್ತಿ ಹಿಡಿದು “ಉಂದು ದಾನೆ?” ಎಂದು ಕೇಳುವರು. ಮಕ್ಕಳು “ಪುಚ್ಚೆ!” ಎಂದು ಕಿರುಚುವವು. “ಶಾಲೆಯ ಭಾಷೆಯಲ್ಲಿ?” “ಬೆಕ್ಕು!” ಮನೆಯ ಮಾತಿನ ಮೇಲೆ ಶಾಲೆಯ ಅಂಗಿ ತೊಡಿಸಬೇಕೇ ಹೊರತು ಮೈಯ ಚರ್ಮವನ್ನೇ ಬಿಚ್ಚಬಾರದು ಎನ್ನುತ್ತಿದ್ದರು. ನನ್ನ ಕಾಲದಲ್ಲಿ ಪುಚ್ಚೆ ಎಂದದ್ದಕ್ಕೆ ಬೆತ್ತ ಬೀಳುತ್ತಿತ್ತು. ಆಮೇಲೆ ನಾನು ಬಾಯಿಯನ್ನೇ ತೆರೆಯಲಿಲ್ಲ.

ಆಗ ಹೊಸ ಕ್ರಮ ಬರುತ್ತದೆ ಎಂಬ ಸುದ್ದಿ ಹಬ್ಬಿತು. ಅಧಿಕಾರಿಗಳು ಬಂದು ಪಾಠ ನೋಡಿ ಟೀಚರಿಗೇ ಅಂಕ ಕೊಡುತ್ತಾರಂತೆ. ಅಂಕ ಹೆಚ್ಚು ಬಂದವರಿಗೆ ಸಂಬಳ ಹೆಚ್ಚು, ಕಡಿಮೆ ಬಂದವರಿಗೆ ಬೇರೆ ಶಾಲೆ. “ಆ ಹೆಚ್ಚಿನ ಸಂಬಳ ನನಗೆ ಬೇಡ ಸಂಜೀವಣ್ಣ,” ಎಂದರು ಟೀಚರ್. “ಈ ಮಕ್ಕಳನ್ನು ಬಿಟ್ಟು ಹೋಗು ಅಂದರೆ ಎಂತ ಮಾಡುವುದು?” ಜೀಪಿನ ಹೆದರಿಕೆ ಹಿಡಿದದ್ದು ಅಂದಿನಿಂದ.

ಕೊನೆಗೆ ಒಂದು ದಿನ ಜೀಪು ತಿರುವು ದಾಟಲಿಲ್ಲ, ಅಂಗಳದಲ್ಲೇ ನಿಂತಿತು.

ಇಳಿದ ಅಧಿಕಾರಿ ಘಟ್ಟದ ಮೇಲಿನವರು, ತುಳು ಬಾರದವರು, ಮೆದು ಮಾತಿನವರು. ಅಧ್ಯಕ್ಷನೆಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ ನನ್ನ ಪಕ್ಕವೇ ಕುಳಿತರು. ಮುಂದೆ ನನ್ನ ಮಗಳು ಶ್ರಾವ್ಯ. ಟೀಚರ್ ಬೆಕ್ಕಿನ ಚಿತ್ರ ಎತ್ತಿದರು. “ಮಕ್ಕಳೇ, ಇದು ಯಾವ ಪ್ರಾಣಿ?” ರೇಡಿಯೋದ ವಾರ್ತೆಯ ಹಾಗಿತ್ತು ಧ್ವನಿ. ಮಕ್ಕಳು ಪಿಳಿಪಿಳಿ ನೋಡಿದವು. ಇದು ಅವರ ಟೀಚರೇ ಅಲ್ಲ. ಮತ್ತೆ ಕೇಳಿದರು. ಒಂದು ಬಾಯಿಯೂ ತೆರೆಯಲಿಲ್ಲ. ಶ್ರಾವ್ಯ ತಿರುಗಿ ನನ್ನನ್ನು ನೋಡಿದಳು. ಆ ಮುಖದಲ್ಲಿ ಬೆತ್ತದ ಮುಂದೆ ನಿಂತಿದ್ದ ನಾನೇ ಇದ್ದೆ.

ನಾನು ಎದ್ದು ನಿಂತೆ. “ಸಾರ್, ಒಂದು ಸಲ ತುಳುವಿನಲ್ಲಿ ಕೇಳ್ಲಿ. ಮಕ್ಕಳಿಗೆ ಗೊತ್ತುಂಟು.”

“ಕೂತ್ಕೊಳ್ಳಿ ಅಧ್ಯಕ್ಷರೇ. ನಾನು ನೋಡಕ್ಕೆ ಬಂದಿರೋದು ಕನ್ನಡದ ಪಾಠ.”

“ಕೇಣ್ಲೆ ಟೀಚರೇ,” ಎಂದೆ, ಕೇಳಿ ಎಂದು. ಟೀಚರ್ ಬೇಡವೆಂದು ತಲೆಯಾಡಿಸಿದರು. ಅಧಿಕಾರಿಯ ಬೆರಳು ಅಂಕ ತುಂಬುತ್ತ ಮೊಬೈಲಿನ ಮೇಲೆ ಓಡಾಡಿತು.

ಜೀಪಿನ ಸದ್ದು ಪೂರ್ತಿ ಅಡಗಿದ ಮೇಲೆ ಟೀಚರ್ ಅದೇ ಚಿತ್ರವನ್ನು ಮತ್ತೆ ಎತ್ತಿ, ಕೇಳಿಯೂ ಕೇಳದ ಹಾಗೆ ಅಂದರು: “ಉಂದು ದಾನೆ?” “ಪುಚ್ಚೆ! ಬೆಕ್ಕು! ಬೆಕ್ಕು!” ಹೆಂಚು ಹಾರಿಹೋಗುವಂಥ ಗದ್ದಲ. ಲೀಲಕ್ಕ ಸೌಟು ಹಿಡಿದುಕೊಂಡೇ ಓಡಿಬಂದರು. ಟೀಚರ್ ಸೆರಗಿನಿಂದ ಮುಖ ಮುಚ್ಚಿಕೊಂಡು ಹಲಗೆಯ ಕಡೆಗೆ ತಿರುಗಿ ನಿಂತಿದ್ದರು.

ಮರುವರ್ಷ ಅವರನ್ನು ಮೂಡುಬಿದಿರೆಯ ಆಚೆಯ ಶಾಲೆಗೆ ಹಾಕಿದರು.

ಮೊನ್ನೆ ಬೆಳ್ತಂಗಡಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ತೆಳ್ಳಗಾಗಿದ್ದಾರೆ. ನಾನು ಖುಷಿಯಲ್ಲಿ ತುಳುವಿನಲ್ಲೇ ಮಾತು ತೆಗೆದೆ. ಅಲ್ಲಿ ಅಂಕ ಹೇಗೆ ಟೀಚರೇ ಎಂದು ಕೇಳಿದೆ.

“ಚೆನ್ನಾಗಿ ಬಂದಿದೆ ಸಂಜೀವಣ್ಣ,” ಎಂದರು.

“ಒಂದನೆಯವರು ಗಲಾಟೆ ಮಾಡ್ತಾರಾ?”

“ಇಲ್ಲ. ತುಂಬಾ ಶಾಂತವಾಗಿರುತ್ತಾರೆ.”

ಅಷ್ಟರಲ್ಲಿ ನಮ್ಮ ಹಿಂದೆ ಯಾವುದೋ ಜೀಪು ಹಾರ್ನ್ ಹೊಡೆಯಿತು. ಟೀಚರ್ ತಿರುಗಿಯೂ ನೋಡಲಿಲ್ಲ. ಬಸ್ಸು ಹತ್ತಿ, ಕಿಟಕಿಯಿಂದ ಕೈ ಬೀಸಿ, “ಬರುತ್ತೇನೆ,” ಎಂದರು. ಅದನ್ನೂ ಕನ್ನಡದಲ್ಲಿ.