ಒಲೆಯ ಮುಂದೆ ಕೂಡಿಸದವರ ಲೆಕ್ಕ

ಡಾಕ್ಟರ್ ತರನ್ನುಮ ಇವತ್ತಿಗೂ ಕಾರು ಕೊಂಡಿಲ್ಲ. ಮೆದುಳಿನ ಡಾಕ್ಟರು, ಕೈತುಂಬ ಸಂಬಳ, ಆದರೂ ತಿಕೋಟಾದಿಂದ ವಿಜಯಪುರದ ಆಸ್ಪತ್ರೆಗೆ ಅಥಣಿ ರಸ್ತೆಯ ಬಸ್ಸಿನಲ್ಲೇ ಬರುತ್ತಾರೆ. ಆಸ್ಪತ್ರೆಯವರೆಲ್ಲ ಜಿಪುಣಿ ಎಂದು ನಗುತ್ತಿದ್ದರು. ನಾನೂ ನಕ್ಕವಳೇ. ನಾನು ಕಸ್ತೂರಿ, ಅವರ ಸಂಶೋಧನೆಗೆ ಮನೆ ಮನೆ ತಿರುಗಿ ಫಾರಂ ತುಂಬುವವಳು.

ತಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಲ್ಲಿ ಮೂರ್ಛೆರೋಗ ಎಷ್ಟು ಜನಕ್ಕಿದೆ ಎಂದು ತಿಳಿಯುವುದು ಅವರ ಎಂಟು ವರ್ಷದ ಕೆಲಸ. ಜನ ಅದಕ್ಕೆ ಫಿಟ್ಸ್ ಎನ್ನುತ್ತಾರೆ. ಬಂದಾಗ ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಾರೆ, ಕೈಯಲ್ಲಿ ಕಬ್ಬಿಣ ಇಡುತ್ತಾರೆ, ಗುಳಿಗೆ ಮಾತ್ರ ಕೊಡುವುದಿಲ್ಲ. ಫಾರಂಗಳನ್ನೆಲ್ಲ ಕೂಡಿಸಿದಾಗ ಗಂಡಸರಿಗಿಂತ ಹೆಂಗಸರಲ್ಲಿ ರೋಗ ಅರ್ಧಕ್ಕರ್ಧ ಕಡಿಮೆ ಎಂದು ಬಂತು. ವಿಭಾಗದ ಮುಖ್ಯಸ್ಥರಾದ ಡಾಕ್ಟರ್ ಗುರುಪಾದಯ್ಯನವರಿಗೆ ಖುಷಿಯೋ ಖುಷಿ. ಹೊಸ ಸಂಗತಿ, ಸೋಮವಾರವೇ ವರದಿ ಕಳಿಸೋಣ ಎಂದರು. ಆ ವರದಿ ನೋಡಿಯೇ ಹಳ್ಳಿ ದವಾಖಾನೆಗಳಿಗೆ ಗುಳಿಗೆ ಬರಬೇಕಿತ್ತು. ಹೆಂಗಸರು ಕಡಿಮೆ ಎಂದಾದರೆ ಅವರ ಪಾಲಿನ ಗುಳಿಗೆಯೂ ಕಡಿಮೆ.

ಸಹಿ ಹಾಕುವ ಮೊದಲು ಕಣ್ಣುಮುಚ್ಚಿ ಹತ್ತು ಫಾರಂ ಎಳೆದು ಓದುವುದು ಮೇಡಂ ಅವರ ರೂಢಿ. ಆರನೆಯದು ಅವರ ಮನೆಯದೇ. ಮನೆಯಲ್ಲಿ ಇಬ್ಬರು, ತಾಯಿ ರಾಜಬಿ, ಮಗಳು ತರನ್ನುಮ. ಯಾರಿಗಾದರೂ ಫಿಟ್ಸ್ ಇದೆಯೇ? ಇಲ್ಲ. ಅಕ್ಷರ ನನ್ನದು. ರಾಜಬಿ ಚಹಾ ಕೊಟ್ಟು ಹೇಳಿದ್ದರು, ನಾನು ಬರೆದುಕೊಂಡಿದ್ದೆ.

“ಕಸ್ತೂರಿ, ಇದು ಸುಳ್ಳ ಐತಿ,” ಎಂದರು ಮೇಡಂ. “ನನಗ ಹನ್ನೆರಡನೇ ವರ್ಷದಿಂದ ಫಿಟ್ಸ್ ಐತಿ. ಇವತ್ತಿಗೂ ಗುಳಿಗಿ ನುಂಗತೇನಿ. ಕಾರ್ ಯಾಕ ಹೊಡಿಯಂಗಿಲ್ಲ ಅಂತ ತಿಳಿದಿದ್ದಿ?”

ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ದೀಪದ ಬುಡದಲ್ಲೇ ಇಷ್ಟು ಕತ್ತಲೆಯಿದ್ದರೆ ಉಳಿದ ಮನೆಗಳಲ್ಲಿ ನಾನು ಬರೆದುಕೊಂಡು ಬಂದದ್ದೇನು?

ಸಂಜೆ ಇಬ್ಬರೂ ತಿಕೋಟಾದ ಬಸ್ಸು ಹಿಡಿದೆವು. ರಾಜಬಿ ಫಾರಂ ಕಂಡು ಅಳುಕಲಿಲ್ಲ.

“ಹೌದ, ನಾನ ಹೇಳೇನಿ. ಹೆಣ್ಣಮಕ್ಕಳ ಬ್ಯಾನಿ ಊರಿಗೆಲ್ಲಾ ಸಾರ್ತಾರೇನ? ಡಾಕ್ಟರಗ ಫಿಟ್ಸ್ ಅಂದ್ರ ನಿನ್ನ ಕಡೆ ಯಾರ ಬರ್ತಾರ?”

ಮೇಡಂ ಚಹಾ ಇಡಲು ಒಲೆಯ ಕಡೆ ಹೋದರು. ರಾಜಬಿ ಎದ್ದು ರಟ್ಟೆ ಹಿಡಿದು ಎಳೆದರು. “ಸರಿ ಈಚೆ! ಫಿಟ್ಸ್ ಬಂದ್ರ ಬೆಂಕ್ಯಾಗ ಬೀಳ್ತಿ, ಒಲಿ ಮುಂದ ಕೂಡಬ್ಯಾಡ ಅಂತ ಎಷ್ಟ ಸಲ ಹೇಳ್ಲಿ?”

ಮೇಡಂ ನಿಂತಲ್ಲೇ ನಕ್ಕುಬಿಟ್ಟರು. “ಕಸ್ತೂರಿ, ನಾವು ಕೇಳೂದ ತಪ್ಪಾಗೇತಿ. ಬ್ಯಾನಿ ಮುಚ್ಚಿಡ್ತಾರ. ಒಲಿ ಮುಂದ ಯಾರನ್ನ ಕೂಡಸೂದಿಲ್ಲ ಅನ್ನೂದನ್ನ ಯಾರೂ ಮುಚ್ಚಿಡಂಗಿಲ್ಲ.”

ಮರುದಿನ ಅವರು ಸಹಿ ಹಾಕಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರದಂತಾಗಿ ಗುರುಪಾದಯ್ಯನವರು ಕೆಂಡವಾದರು.

“ಎಂಟ ವರ್ಷದ ಕೆಲಸ ಸುಳ್ಳಂತೀರಿ. ಪುರಾವೆ ಏನೈತ್ರಿ?”

“ನಿಮ್ಮ ಮುಂದ ನಿಂತೈತ್ರಿ ಸರ್,” ಎಂದು ಮೇಡಂ ತಮ್ಮ ಮನೆಯ ಫಾರಂ ಮೇಜಿನ ಮೇಲಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಗುರುಪಾದಯ್ಯನವರ ದನಿ ತಗ್ಗಿತು. “ಇದು ಹೊರಗ ಹೋದ್ರ ಪೇಷಂಟ್ ಒಬ್ರೂ ಬರಂಗಿಲ್ರಿ. ಸುಮ್ನ ಸಹಿ ಮಾಡ್ರಿ.”

“ಬರದಿದ್ರ ಬ್ಯಾಡ್ರಿ. ಸುಳ್ಳಿಗೆ ನಾ ಸಹಿ ಮಾಡಂಗಿಲ್ಲ.”

ಕೆಲವು ಹಳ್ಳಿಗಳನ್ನು ಆರಿಸಿ ಮತ್ತೆ ಕೇಳಿ ಬರಲು ಗುರುಪಾದಯ್ಯನವರು ಒಂದು ತಿಂಗಳು ಕೊಟ್ಟರು, ಜೀಪು ಕೊಡಲಿಲ್ಲ. ಕೊಡದಿದ್ದರೆ ಹೋಯಿತು, ಬಸ್ಸು ನಮಗೇನು ಹೊಸದೇ?

ಜೈನಾಪುರದ ಸಖೂಬಾಯಿ ಅಜ್ಜಿ ಹೋದ ಸಲ ಇಲ್ಲ ಎಂದವರು. ಈ ಸಲ ನಾನು ರೋಗದ ಹೆಸರೇ ಎತ್ತಲಿಲ್ಲ. “ಅಜ್ಜಿ, ನಿಮ್ಮ ಮನ್ಯಾಗ ಒಲಿ ಮುಂದ ಯಾರನ್ನ ಕೂಡಸೂದಿಲ್ಲ? ಬಾವಿಗೆ ಯಾರನ್ನ ಕಳಸೂದಿಲ್ಲ?”

“ನಮ್ಮ ದೀಪಾಲಿನ್ನ,” ಎಂದವರೇ ನಾಲಿಗೆ ಕಚ್ಚಿಕೊಂಡರು. ಆಮೇಲೆ ನನ್ನ ಮೇಲೇ ಹರಿಹಾಯ್ದರು. “ಬರದ್ರ ನೋಡ ಮತ್ತ! ನನ್ನ ಮೊಮ್ಮಗಳನ್ನ ಯಾರ ಮಾಡ್ಕೋತಾರ?”

ಮೇಡಂ ನೀರು ಕೇಳಿ ಇಸಿದುಕೊಂಡು, ಬ್ಯಾಗಿನಿಂದ ಗುಳಿಗೆ ತೆಗೆದು ಅವರ ಕಣ್ಣೆದುರೇ ನುಂಗಿದರು. “ನನ್ನನ್ನೂ ಒಲಿ ಮುಂದ ಕೂಡಸಂಗಿಲ್ಲಜ್ಜಿ. ನಮ್ಮವ್ವನೂ ನಿಮ್ಮಂಗ ಇಲ್ಲ ಅಂದಾಳ. ನೀವು ಹೂಂ ಅನ್ನೂತನಕ ಬರಿಯಂಗಿಲ್ಲ.”

ಒಳಗಿನಿಂದ ದೀಪಾಲಿ ಬಂದಳು. ಹತ್ತೊಂಬತ್ತರ ಹುಡುಗಿ, ಹುಬ್ಬಿನ ಮೇಲೆ ಬಿದ್ದ ಗಾಯದ ಗುರುತು. “ನಾ ಅಂತೇನ್ರಿ ಹೂಂ. ಬರೀರಿ. ಬಿದ್ದ ಬಿದ್ದ ಸಾಕಾಗೇತಿ.”

ತಿಂಗಳು ಮುಗಿಯುವಷ್ಟರಲ್ಲಿ ಹೆಂಗಸರ ಲೆಕ್ಕ ಗಂಡಸರ ಲೆಕ್ಕವನ್ನು ಸರಿಗಟ್ಟಿತು. ಒಂದು ಮನೆ ಮಾತ್ರ ಉಳಿದಿತ್ತು. ಅಲ್ಲಿಗೆ ಮೇಡಂ ನನ್ನೊಬ್ಬಳನ್ನೇ ಕಳಿಸಿದರು. ಅಮ್ಮ ತಾನಾಗಿ ಹೇಳಿದರೆ ಬರಿ, ಇಲ್ಲದಿದ್ದರೆ ಬೇಡ ಎಂದಿದ್ದರು.

ನಾನು ಅದೇ ಪ್ರಶ್ನೆ ಕೇಳಿದೆ. ರಾಜಬಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು, ಇನ್ನೊಂದು ಬಡಿದರು. ನಾನು ಎದ್ದೇಳಬೇಕು ಎನ್ನುವಾಗ “ತರನ್ನುಮ” ಎಂದರು.

ಬರೆದೆ. ಅವರಿಗೆ ಓದಲು ಬರುವುದಿಲ್ಲ, ಆದರೂ ಬಗ್ಗಿ ಫಾರಂ ನೋಡಿದರು. “ಡಾಕ್ಟರ್ ಅಂತ ಬರದೀಯೇನ?”

“ಇಲ್ರಿ ಅಮ್ಮಾರ. ಇದರಾಗ ಬರೇ ಹೆಸರ ಬರಿಯೂದು.”

“ಅದೆಲ್ಲಾ ನನಗ ಗೊತ್ತಿಲ್ಲ,” ಎಂದರು ರಾಜಬಿ. “ಫಿಟ್ಸ್ ಐತಿ ಅಂತ ಬರದ ಕಡೇನ ಡಾಕ್ಟರ್ ಅಂತನೂ ಬರಿ. ನೋಡಾವ್ರು ನೋಡ್ಲಿ.”