ಗಿನಿ ಹಂದಿಗೆ ಅಂಜಿ ಕುರ್ಚಿ ಏರಿದೆ

ರಟ್ಟಿನ ಡಬ್ಬಿ ಅಲುಗಾಡಿದ್ದೇ ತಡ, "ಇಲಿ!" ಎಂದು ಚೀರಿ ಕುರ್ಚಿ ಮೇಲೆ ನಿಂತುಬಿಟ್ಟೆ. ಶಹಾಪುರದ ಸಾಕುಪ್ರಾಣಿ ಅಂಗಡಿಯೊಂದು ಮುಚ್ಚಿದಾಗ ಪಂಜರದಲ್ಲೇ ಬಿಟ್ಟುಹೋಗಿದ್ದ, ದಪ್ಪ ಇಲಿಯಂತೆ ಕಾಣುವ ಗಿನಿ ಹಂದಿಗಳನ್ನು ನಮ್ಮ ಶಾಲೆಯ ಶಾಂತಾ ಟೀಚರ್ ಮನೆಗೆ ತಂದು ಸಾಕುತ್ತಿದ್ದರು. ಅವಕ್ಕೆ ಹಾಸಲು ಹಳೇ ಪೇಪರ್ ಕೊಟ್ಟು ಪುಣ್ಯ ಕಟ್ಟಿಕೊಳ್ಳಲು ನಾನು ಹೋಗಿದ್ದೆ.

"ಕೆಳಗ ಇಳೀರಿ ಸರ್, ನಿಮ್ಮನ್ನ ನೋಡಿ ಅವೇ ಅಂಜ್ಯಾವ. ಇವೆರಡಕ್ಕ ಇನ್ನೂ ಮನಿ ಸಿಕ್ಕಿಲ್ರಿ," ಎಂದರು ಟೀಚರ್. ನಾನು ಇಳಿದು ಕೂತದ್ದೇ ಎರಡನ್ನು ನನ್ನ ಮಡಿಲಿಗಿಟ್ಟರು. ಗಡಗಡ ನಡುಗುತ್ತಿದ್ದ ಅವು ನನ್ನ ಅಂಗಿಯೊಳಗೇ ಮುಖ ಹುದುಗಿಸಿದವು. ಎರಡನ್ನೂ ಅದೇ ಡಬ್ಬಿಯಲ್ಲಿಟ್ಟುಕೊಂಡು ಮನೆಗೆ ಹೊರಟೆ.

"ಮನಿಯೊಳಗ ಹಂದಿ ತಂದೀರೇನ್ರಿ?" ಎಂದು ಹೆಂಡತಿ ಬಾಗಿಲಲ್ಲೇ ತಡೆದಳು. ನೋಡಿದ ಮೇಲೆ ಅವಳೇ ಬುಟ್ಟಿ ತಂದಳು.

ಈಗ ಕೊತ್ತಂಬರಿಗಾಗಿ ಅವು ಸಿಳ್ಳೆ ಹಾಕಿದರೆ ಹಿತ್ತಲಿಂದಲೇ ಓಡಿಬರುತ್ತೇನೆ. ತಾನು ಎಷ್ಟು ಕೂಗಿದರೂ ಕೇಳಿಸದ ಕಿವಿ ಇದೇನಾ ಎಂದು ಹೆಂಡತಿ ಕೇಳುತ್ತಾಳೆ.